ಹೆಸರಿನ ಮುಂದೆ ಕಾಯಕ ಬರೆಯಿರಿ

ಬಸವಕಲ್ಯಾಣ, ಹುಮನಾಬಾದಿನ ಮಕ್ಕಳಿಗೆ ಕೆಲಸ ಗೊತ್ತಿದೆ. ಅವರಿಗೆ ಗೊತ್ತಿದೆ ಎಂಬುದು ಹೈದರಾಬಾದಿಗೆ ಗೊತ್ತಿಲ್ಲ. ಲಿಂಕ್ಡ್‌ಇನ್ ಎಂಬ ಉದ್ಯೋಗ ಜಾಲತಾಣದ ಪ್ರೊಫೈಲಿನಲ್ಲಿ ನಾಲ್ಕು ಸಾಲುಗಳನ್ನು ಸರಿಯಾಗಿ ಬರೆದರೆ ಈ ಕಂದಕದ ಅರ್ಧ ತುಂಬುತ್ತದೆ. ಉಳಿದರ್ಧ ತುಂಬಬೇಕಾದವರು ಬೇರೆಯೇ ಇದ್ದಾರೆ.

ಜುಲೈ ತಿಂಗಳ ಸಂಜೆ. ಪದವಿ ಫಲಿತಾಂಶ ಬಂದ ವಾರವೆಂದರೆ ಬಸವಕಲ್ಯಾಣದ ಝೆರಾಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಬ್ಬರಿಗೆ ಜಾತಿ ಪ್ರಮಾಣಪತ್ರದ ಪ್ರತಿ ಬೇಕು, ಇನ್ನೊಬ್ಬರಿಗೆ ಪರೀಕ್ಷೆಯ ಅರ್ಜಿ ತುಂಬಬೇಕು. ಮೂಲೆಯ ಕಂಪ್ಯೂಟರಿನ ಮುಂದೆ ಬಿ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ನಿಂತಿದ್ದಾಳೆ. ಹೈದರಾಬಾದಿನಲ್ಲಿರುವ ಗೆಳತಿ ‘ಲಿಂಕ್ಡ್‌ಇನ್ ಮಾಡ್ಸು’ ಎಂದಿದ್ದಾಳೆ, ಅದಕ್ಕೇ ಬಂದಿದ್ದಾಳೆ.

‘ಹೆಡ್‌ಲೈನ್ ಅಂತ ಕೇಳ್ಲತ್ತದ ತಂಗಿ, ಏನ್ ಹಾಕ್ಲಿ?’

‘ಏನೂ ಇಲ್ರಿ ಅಣ್ಣಾ. ಫ್ರೆಶರ್ ಅಂತ ಬರ್ದುಬಿಡ್ರಿ.’

ಮದುವೆಯೊಂದರಲ್ಲಿ ತೆಗೆದ ಫೋಟೊ. ಪಕ್ಕದಲ್ಲಿ ನಿಂತವರ ಭುಜ ಅರ್ಧ ಉಳಿದಿದೆ. ಕೆಳಗೆ ಕಾಲೇಜಿನ ಹೆಸರು, ಅದರ ಕೆಳಗೆ ‘ಕೆಲಸ ಹುಡುಕುತ್ತಿದ್ದೇನೆ’. ಹತ್ತು ನಿಮಿಷಕ್ಕೆ ಮುಗಿಯಿತು.

ಆದರೆ ಇದೇ ಹುಡುಗಿ ಹುಮನಾಬಾದ್ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಒಂದು ತಿಂಗಳು ತರಬೇತಿ ಪಡೆದವಳು. ಬೆಳಿಗ್ಗೆ ಹೋದೊಡನೆ ಪಿಎಚ್ ಮೀಟರನ್ನು ಕ್ಯಾಲಿಬ್ರೇಟ್ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆದವಳು, ಟೈಟ್ರೇಶನ್ ಮಾಡಿದವಳು, ಔಷಧದ ಘಟಕಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಮಾದರಿ ಸಿದ್ಧಪಡಿಸಲು ಕಲಿತವಳು. ಅದರಲ್ಲಿ ಒಂದಕ್ಷರವೂ ಪ್ರೊಫೈಲಿನಲ್ಲಿಲ್ಲ. ‘ಏನೂ ಇಲ್ರಿ’ ಎಂಬ ಒಂದು ಮಾತಿಗೆ ಅಷ್ಟೂ ಕೆಲಸ ಅಳಿಸಿಹೋಯಿತು.

ಬೀದರ್ ಜಿಲ್ಲೆಯ ಸಾವಿರಾರು ಮಕ್ಕಳ ಪ್ರೊಫೈಲಿನ ಕಥೆ ಹೆಚ್ಚು ಕಡಿಮೆ ಇಷ್ಟೇ. ಇದನ್ನು ಬದಲಿಸಲು ದುಡ್ಡು ಬೇಡ, ದೊಡ್ಡ ಇಂಗ್ಲಿಷೂ ಬೇಡ.

ಹೆದ್ದಾರಿ ಇದೆ, ಗುರುತಿಲ್ಲ

ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೂಲಕ ಹೋಗುತ್ತದೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾಕ್ಕೆ ಬಂದರೆ ಸಾಕು, ಅದೇ ರಸ್ತೆ. ಇಲ್ಲಿಂದ ಹೈದರಾಬಾದ್ 200 ಕಿ.ಮೀ. ಒಳಗೆ, ರಾಜಧಾನಿ ಬೆಂಗಳೂರು 600 ಕಿ.ಮೀ.ಗೂ ಆಚೆ. 1956ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆಸ್ಪತ್ರೆಗೆ, ಸೀರೆಗೆ, ಸಿನಿಮಾಕ್ಕೆ ಇಲ್ಲಿನವರು ಆ ಕಡೆಗೇ ನಡೆದವರು. ಕೆಲಸಕ್ಕೂ ಅಷ್ಟೆ.

ಆ ರಸ್ತೆಯುದ್ದಕ್ಕೂ ಕೆಲಸವಿದೆ. ಗಡಿ ದಾಟಿದರೆ ಜಹೀರಾಬಾದಿನಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆ. ಮುಂದೆ ಪಟಾನ್‌ಚೆರು, ಪಾಶಮೈಲಾರಂ ಕೈಗಾರಿಕಾ ಪ್ರದೇಶಗಳು. ಅದರಾಚೆ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಗಳು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಹುಮನಾಬಾದಿಗೆ ಇನ್ನೊಂದು ದಾರಿಯೂ ತೆರೆಯಿತು.

ಕಲಿಸುವ ಜಾಗಗಳಿಗೂ ಕೊರತೆಯಿಲ್ಲ. ಬಸವಕಲ್ಯಾಣದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಹುಮನಾಬಾದಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ, ವೆಲ್ಡಿಂಗ್ ಮಾಡುವ ಹುಡುಗರ ಕೈಚಳಕ ಹೆದ್ದಾರಿಯ ಡ್ರೈವರುಗಳಿಗೆಲ್ಲ ಗೊತ್ತು.

ಸಂವಿಧಾನದ 371-ಜೆ ಕಲಂ ಬಂದ ಮೇಲೆ 2013ರಿಂದ ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲೂ ಶಿಕ್ಷಣದಲ್ಲೂ ಮೀಸಲಾತಿ ಸಿಕ್ಕಿದೆ. ಅದು ದೊಡ್ಡ ಬಲ. ಆದರೆ ಎಲ್ಲರೂ ಪಿಡಿಒ, ಪಿಎಸ್‌ಐ ಆಗಲು ಸಾಧ್ಯವಿಲ್ಲ. ಖಾಸಗಿ ಕಂಪನಿಯ ಬಾಗಿಲಲ್ಲಿ ಮೀಸಲಾತಿ ಪ್ರಮಾಣಪತ್ರ ಕೇಳುವವರಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ‘ನಿನಗೇನು ಬರುತ್ತದೆ?’

ಹುಡುಕುವವನು ಏನು ಹುಡುಕುತ್ತಾನೆ?

ಲಿಂಕ್ಡ್‌ಇನ್ ಶುರುವಾದದ್ದು 2003ರ ಮೇ 5ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮೈಕ್ರೋಸಾಫ್ಟ್ ಅದನ್ನು 2016ರಲ್ಲಿ 2,620 ಕೋಟಿ ಡಾಲರಿಗೆ ಕೊಂಡಿತು. 2023ರಲ್ಲಿ ಅದರ ಸದಸ್ಯರ ಸಂಖ್ಯೆ ಜಗತ್ತಿನಾದ್ಯಂತ 100 ಕೋಟಿ ದಾಟಿತು. ಅದರಲ್ಲಿ ಭಾರತೀಯರೇ 10 ಕೋಟಿಗಿಂತ ಹೆಚ್ಚು.

ಇಷ್ಟು ದೊಡ್ಡ ಸಂತೆಯಲ್ಲಿ ಪಟಾನ್‌ಚೆರುವಿನ ಎಚ್‌ಆರ್ ಅಧಿಕಾರಿ ಯಾರ ಪ್ರೊಫೈಲನ್ನೂ ಒಂದೊಂದಾಗಿ ತೆರೆದು ಓದುವುದಿಲ್ಲ. ಆತ ಪದ ಹಾಕಿ ಹುಡುಕುತ್ತಾನೆ. ಹುದ್ದೆಯ ಹೆಸರು, ಕೌಶಲದ ಹೆಸರು, ಊರು, ಈ ಮೂರನ್ನು ಹಾಕಿದರೆ ಪಟ್ಟಿ ಬರುತ್ತದೆ. ‘ಕ್ವಾಲಿಟಿ ಕಂಟ್ರೋಲ್, ಎಚ್‌ಪಿಎಲ್‌ಸಿ, ಹೈದರಾಬಾದ್’ ಎಂದು ಆತ ಹುಡುಕುವಾಗ ‘ಫ್ರೆಶರ್, ಬಸವಕಲ್ಯಾಣ’ ಎಂದು ಬರೆದುಕೊಂಡವಳು ಕಾಣುವುದೇ ಇಲ್ಲ. ಅವಳನ್ನು ಯಾರೂ ತಿರಸ್ಕರಿಸಲಿಲ್ಲ, ನೋಡಲೇ ಇಲ್ಲ.

ಆದ್ದರಿಂದ ಮೊದಲ ಕೆಲಸ, ಹುಡುಕುವವನ ಬಾಯಲ್ಲಿರುವ ಪದ ನಿಮ್ಮ ಪ್ರೊಫೈಲಿನಲ್ಲೂ ಇರುವಂತೆ ನೋಡಿಕೊಳ್ಳುವುದು. ನಿಮಗೆ ಬೇಕಾದ ಕೆಲಸದ ಹತ್ತು ಜಾಹೀರಾತುಗಳನ್ನು ಓದಿ. ಮತ್ತೆ ಮತ್ತೆ ಬರುವ ಪದಗಳನ್ನು ಒಂದು ಹಾಳೆಯಲ್ಲಿ ಗುರುತಿಸಿ. ಅವುಗಳಲ್ಲಿ ನಿಮಗೆ ನಿಜವಾಗಿ ಬರುವ ಕೆಲಸದ ಪದಗಳನ್ನಷ್ಟೇ ಆರಿಸಿ. ಅವೇ ನಿಮ್ಮ ಬಂಡವಾಳ.

ಎರಡನೆಯದು ಊರು. ಹೈದರಾಬಾದಿಗೂ ಪುಣೆಗೂ ಹೋಗಲು ಸಿದ್ಧರಿದ್ದರೆ ಅದನ್ನು ಹೇಳಬೇಕು. ‘ಓಪನ್ ಟು ವರ್ಕ್’ ಎಂಬಲ್ಲಿ ಬೇಕಾದ ಹುದ್ದೆಗಳನ್ನೂ ಒಂದಕ್ಕಿಂತ ಹೆಚ್ಚು ಊರುಗಳನ್ನೂ ತುಂಬಬಹುದು. ಈಗಾಗಲೇ ಒಂದು ಕಡೆ ಕೆಲಸದಲ್ಲಿರುವವರು ‘ನೇಮಕಾತಿ ಮಾಡುವವರಿಗೆ ಮಾತ್ರ ಕಾಣಲಿ’ ಎಂಬುದನ್ನು ಆರಿಸಿಕೊಳ್ಳುವುದು ಲೇಸು.

ಒಂದು ಪ್ರೊಫೈಲ್ ಬದಲಾಗುವ ಬಗೆ

ಆ ಹುಡುಗಿಯ ಪ್ರೊಫೈಲನ್ನೇ ತಿದ್ದೋಣ. ಕಂಪನಿಗಳು ಹುಡುಕುವುದು ಇಂಗ್ಲಿಷಿನಲ್ಲಾದ್ದರಿಂದ ಪ್ರೊಫೈಲ್ ಇಂಗ್ಲಿಷಿನಲ್ಲೇ ಇರಲಿ. ಇಲ್ಲಿ ಅದರ ಸಾರವನ್ನಷ್ಟೇ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಹೆಡ್‌ಲೈನ್ ಮೊದಲು ‘ಫ್ರೆಶರ್’ ಎಂದಿತ್ತು. ಈಗ: ‘ಬಿ.ಎಸ್ಸಿ. ರಸಾಯನಶಾಸ್ತ್ರ | ಔಷಧ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ (ಕ್ಯೂಸಿ) ಲ್ಯಾಬಿನಲ್ಲಿ ತರಬೇತಿ | ಟೈಟ್ರೇಶನ್, ಪಿಎಚ್, ಎಚ್‌ಪಿಎಲ್‌ಸಿಗೆ ಮಾದರಿ ಸಿದ್ಧತೆ’.

‘ಅಬೌಟ್’ ಎಂಬಲ್ಲಿ ಮೊದಲು ಏನೂ ಇರಲಿಲ್ಲ. ಈಗ ನಾಲ್ಕೇ ವಾಕ್ಯ: ‘ಹುಮನಾಬಾದಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಒಂದು ತಿಂಗಳು ತರಬೇತಿ ಪಡೆದಿದ್ದೇನೆ. ಪ್ರತಿದಿನ ಪಿಎಚ್ ಮೀಟರ್ ಕ್ಯಾಲಿಬ್ರೇಟ್ ಮಾಡಿ ದಾಖಲಿಸುತ್ತಿದ್ದೆ, ಹಿರಿಯರ ಉಸ್ತುವಾರಿಯಲ್ಲಿ ಎಚ್‌ಪಿಎಲ್‌ಸಿಗೆ ಮಾದರಿ ಸಿದ್ಧಪಡಿಸುತ್ತಿದ್ದೆ. ಕನ್ನಡ, ಮರಾಠಿ, ಹಿಂದಿ ಮಾತನಾಡುತ್ತೇನೆ, ಇಂಗ್ಲಿಷ್ ಓದಿ ಬರೆಯುತ್ತೇನೆ. ಹೈದರಾಬಾದ್ ಅಥವಾ ಜಹೀರಾಬಾದಿನಲ್ಲಿ ಕ್ಯೂಸಿ ಟ್ರೈನಿ ಕೆಲಸಕ್ಕೆ ಸಿದ್ಧಳಿದ್ದೇನೆ.’

ಒಂದು ಸುಳ್ಳಿಲ್ಲ, ಒಂದು ಬಡಾಯಿಯಿಲ್ಲ. ‘ಹಿರಿಯರ ಉಸ್ತುವಾರಿಯಲ್ಲಿ’ ಎಂಬ ಮಾತನ್ನು ಬಿಡಬೇಡಿ. ಯಂತ್ರವನ್ನು ತಾನೇ ನಡೆಸಿದೆ ಎನ್ನುವವಳಿಗಿಂತ, ಮಾದರಿ ಸಿದ್ಧಪಡಿಸಿಕೊಟ್ಟೆ ಎನ್ನುವವಳ ಮಾತಿಗೆ ಲ್ಯಾಬಿನ ಮುಖ್ಯಸ್ಥ ಹೆಚ್ಚು ಬೆಲೆ ಕೊಡುತ್ತಾನೆ. ಟ್ರೈನಿಯ ಕೈಗೆ ಆ ಯಂತ್ರ ಎಷ್ಟು ಸಿಗುತ್ತದೆಂದು ಆತನಿಗೆ ಗೊತ್ತು.

ಭಾಷೆಗಳ ಸಾಲನ್ನೂ ಗಮನಿಸಿ. ಬೀದರ್ ಜಿಲ್ಲೆ ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಅಂಟಿಕೊಂಡಿದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ–ಉರ್ದು, ಹೆದ್ದಾರಿಯಲ್ಲಿ ತೆಲುಗು. ಇಲ್ಲಿನ ಮಕ್ಕಳಿಗೆ ಇದು ಉಸಿರಾಟದಷ್ಟು ಸಹಜ, ಹಾಗಾಗಿಯೇ ಯಾರೂ ಬರೆಯುವುದಿಲ್ಲ. ಮೂರು ರಾಜ್ಯಗಳಲ್ಲಿ ಬೀಜ, ಔಷಧ, ವಿಮೆ, ಟ್ರ್ಯಾಕ್ಟರ್ ಮಾರುವ ಕಂಪನಿಗೆ ಇಂಥ ನಾಲಗೆಯ ಬೆಲೆ ಗೊತ್ತು.

ಜಿಟಿಟಿಸಿಯ ಡಿಪ್ಲೊಮಾ ಹುಡುಗನಿಗೂ ಇದೇ ಸೂತ್ರ. ‘ಮೆಕ್ಯಾನಿಕಲ್ ಕ್ಷೇತ್ರದಲ್ಲಿ ಆಸಕ್ತಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಯಂತ್ರದ ಮೇಲೆ ಕೆಲಸ ಮಾಡಿದೆ, ಯಾವ ಡೈ ಮಾಡಿದೆ, ಅಳತೆಯ ಎಷ್ಟು ನಿಖರತೆ ಸಾಧಿಸಿದೆ ಎಂದು ಬರೆದು, ಮಾಡಿದ ಭಾಗದ ಫೋಟೊ ಹಾಕಿದರೆ ನೋಡುವವನ ಕಣ್ಣು ಅಲ್ಲಿ ನಿಲ್ಲುತ್ತದೆ.

> ಬಾಕ್ಸ್ 1: ಅಳತೆ, ಅಂದಾಜು
>
> • ಹೆಡ್‌ಲೈನಿಗೆ 220 ಅಕ್ಷರಗಳ ಜಾಗವಿದೆ. ಕಾಲೇಜಿನ ಹೆಸರಿಗಿಂತ ಕೆಲಸದ ಹೆಸರು ಮೊದಲು ಬರಲಿ.
>
> • ‘ಅಬೌಟ್’ಗೆ 2,600 ಅಕ್ಷರ. ಪೂರ್ತಿ ತುಂಬಬೇಕಿಲ್ಲ. ತೆರೆದೊಡನೆ ಕಾಣುವುದು ಮೊದಲ ಎರಡು–ಮೂರು ಸಾಲು ಮಾತ್ರ, ಮುಖ್ಯ ಮಾತು ಅಲ್ಲೇ ಇರಲಿ.
>
> • ಫೋಟೊ: ಹಗಲು ಬೆಳಕು, ಸಾದಾ ಗೋಡೆ, ಒಬ್ಬರೇ, ಮುಖ ಸ್ಪಷ್ಟ. ಸ್ಟುಡಿಯೊ ಬೇಡ, ಫೋನ್ ಸಾಕು.
>
> • ಪ್ರೊಫೈಲಿನ ಕೊಂಡಿಯಲ್ಲಿ ಹೆಸರಿನ ಜತೆ ಬರುವ ಅಂಕಿಗಳನ್ನು ತೆಗೆದು ಚಿಕ್ಕದಾಗಿಸಬಹುದು. ಅದನ್ನು ಬಯೋಡೇಟಾದ ತಲೆಯಲ್ಲಿ ಹಾಕಿ.
>
> • ಎಐ ಬರೆದುಕೊಟ್ಟ ‘ಉತ್ಸಾಹಿ, ಪರಿಶ್ರಮಿ, ತಂಡದೊಂದಿಗೆ ಬೆರೆಯುವ’ ಎಂಬ ಸಾಲು ಲಕ್ಷಾಂತರ ಪ್ರೊಫೈಲುಗಳಲ್ಲಿದೆ. ವ್ಯಾಕರಣ ತಿದ್ದಲು ಎಐ ಬಳಸಿ, ವಿಷಯ ನಿಮ್ಮದೇ ಇರಲಿ.

ಕಲ್ಯಾಣದಲ್ಲಿ ಗುರುತು ಹೇಳುತ್ತಿದ್ದ ರೀತಿ

ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದೆಂದರೆ ಈ ಭಾಗದ ಮಕ್ಕಳಿಗೆ ಸಂಕೋಚ. ಹೊಗಳಿಕೊಂಡಂತಾಗುತ್ತದೆ ಎಂಬ ಅಳುಕು. ಆ ಅಳುಕು ಒಳ್ಳೆಯ ಸಂಸ್ಕಾರದಿಂದಲೇ ಬಂದದ್ದು. ಆದರೆ ಹೊಗಳಿಕೊಳ್ಳುವುದು ಬೇರೆ, ಮಾಡಿದ ಕೆಲಸವನ್ನು ಹೇಳುವುದು ಬೇರೆ.

ಈ ವ್ಯತ್ಯಾಸವನ್ನು ಕಲಿಯಲು ಬಸವಕಲ್ಯಾಣದವರು ಎಲ್ಲಿಗೂ ಹೋಗಬೇಕಿಲ್ಲ. ಹನ್ನೆರಡನೆಯ ಶತಮಾನದ ಇದೇ ಕಲ್ಯಾಣದಲ್ಲಿ ಶರಣರು ಯಾವ ಹೆಸರಿನಿಂದ ಗುರುತಾದರು? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ. ಕಾಯಕ ಮೊದಲು, ಹೆಸರು ಆಮೇಲೆ. ಊರು ಯಾವ ಕಸುಬುಗಳನ್ನು ಕೀಳೆಂದು ನೋಡುತ್ತಿತ್ತೋ ಅವನ್ನೇ ತಲೆಯೆತ್ತಿ ಹೇಳಿಕೊಂಡು ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತವರು ಅವರು.

ಹುಮನಾಬಾದಿನ ಕಡೆಯ ಮೊಳಕೇರಾಕ್ಕೂ ಮೋಳಿಗೆಯ ಮಾರಯ್ಯನಿಗೂ ನಂಟು ಹೇಳುತ್ತಾರೆ. ಪರಂಪರೆಯ ಪ್ರಕಾರ ಆತ ಕಾಶ್ಮೀರದ ಅರಸು. ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದ. ಲೋಕ ನೆನಪಿಟ್ಟುಕೊಂಡದ್ದು ಅರಸೊತ್ತಿಗೆಯನ್ನಲ್ಲ, ಆ ಹೊರೆಯನ್ನು.

ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇಲ್ಲಿನದೇ. ಗಂಡ ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಇದ್ದಲ್ಲೇ ಸುರಿದು ಬನ್ನಿ ಎಂದವಳು ಆಕೆ. ಕೌಶಲಗಳ ಪಟ್ಟಿ ತುಂಬುವಾಗ ಲಕ್ಕಮ್ಮನನ್ನು ನೆನೆಯಬೇಕು. ಲಿಂಕ್ಡ್‌ಇನ್‌ನಲ್ಲಿ 100 ಕೌಶಲಗಳವರೆಗೆ ಹಾಕಲು ಜಾಗವಿದೆ. ನಮಗೆ ಬರುವುದು ಹತ್ತಾದರೆ ಹತ್ತೇ ಸಾಕು. ಹನ್ನೊಂದನೆಯದು ಸಂದರ್ಶನದ ಎರಡನೇ ಪ್ರಶ್ನೆಗೆ ಬಯಲಾಗುತ್ತದೆ, ಬಯಲಾದಾಗ ನಿಜವಾದ ಹತ್ತನ್ನೂ ಯಾರೂ ನಂಬುವುದಿಲ್ಲ.

ನೆಂಟರಿಗಿಂತ ದೂರದ ಪರಿಚಯ ಮೇಲು

ಪ್ರೊಫೈಲ್ ಸಿದ್ಧವಾಯಿತು. ಇನ್ನು ಯಾರ ಜತೆ ಸೇರಿಕೊಳ್ಳಬೇಕು?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದ. ಪರಿಚಯದಿಂದ ಕೆಲಸ ಸಿಕ್ಕವರನ್ನು ವಿಚಾರಿಸಿದಾಗ, ಸುದ್ದಿ ಕೊಟ್ಟವರು ಹೆಚ್ಚಾಗಿ ದಿನಾ ಸಿಗುವ ಆಪ್ತರಲ್ಲ, ಅಪರೂಪಕ್ಕೆ ಕಾಣುವ ಪರಿಚಯಸ್ಥರು ಎಂಬುದು ಆತನಿಗೆ ಗೊತ್ತಾಯಿತು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಿಂದ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದೇ ವಿಚಾರವನ್ನು ಲಿಂಕ್ಡ್‌ಇನ್‌ನ 2 ಕೋಟಿ ಸದಸ್ಯರ ಐದು ವರ್ಷಗಳ ಮಾಹಿತಿಯ ಮೇಲೆ ಒರೆಗೆ ಹಚ್ಚಿತು. ತೀರ ಹತ್ತಿರದವರೂ ಅಲ್ಲ, ಪೂರ್ತಿ ಅಪರಿಚಿತರೂ ಅಲ್ಲ, ನಡುವೆ ಕೆಲವೇ ಸಮಾನ ಪರಿಚಯಸ್ಥರಿರುವವರ ಮೂಲಕ ಕೆಲಸ ಸಿಗುವ ಸಾಧ್ಯತೆ ಹೆಚ್ಚು ಎಂದು ಅದು ಕಂಡುಕೊಂಡಿತು.

ನಮ್ಮ ಊರಿನ ಮಟ್ಟಿಗೆ ಆ ನಡುವಿನವರು ಯಾರು? ಅದೇ ಕಾಲೇಜಿನಲ್ಲಿ ಮೂರು ವರ್ಷ ಮುಂದಿದ್ದವರು. ಮಾಮಾನ ಗೆಳೆಯರ ಮಗಳು. ಟ್ಯೂಷನ್ ಮೇಷ್ಟ್ರ ಹಳೆಯ ಶಿಷ್ಯ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಅಲ್ಲಿಂದ ಶುರು ಮಾಡಿ.

ಬರೆಯುವ ರೀತಿಯಲ್ಲೂ ಒಂದು ಹದವಿದೆ. ‘ಹಾಯ್ ಸರ್, ಜಾಬ್ ಇದ್ರೆ ಹೇಳಿ’ ಎಂಬ ಸಂದೇಶ ಓದಿದವರು ಪಾಪ ಎಂದುಕೊಂಡು ಮರೆಯುತ್ತಾರೆ. ಅದರ ಬದಲು ಹೀಗೆ ಬರೆದರೆ?

‘ನಮಸ್ಕಾರ ಅಕ್ಕಾ, ನಾನೂ ಬಸವಕಲ್ಯಾಣದವಳು, ನಿಮ್ಮದೇ ಕಾಲೇಜಿನಲ್ಲಿ ಈ ವರ್ಷ ಬಿ.ಎಸ್ಸಿ. ಮುಗಿಸಿದೆ. ನೀವು ಕ್ಯೂಸಿಯಲ್ಲಿ ಕೆಲಸ ಮಾಡುತ್ತಿರುವುದು ನೋಡಿದೆ. ಟ್ರೈನಿ ಸಂದರ್ಶನದಲ್ಲಿ ಯಾವ ವಿಷಯ ಹೆಚ್ಚು ಕೇಳುತ್ತಾರೆಂದು ಬಿಡುವಾದಾಗ ತಿಳಿಸುತ್ತೀರಾ?’

ಇಲ್ಲಿ ಕೆಲಸ ಕೇಳಿಲ್ಲ, ದಾರಿ ಕೇಳಿದೆ. ದಾರಿ ಕೇಳಿದವರಿಗೆ ಇಲ್ಲ ಎನ್ನುವುದು ಕಷ್ಟ. ಮುಂದೆ ಜಾಗ ಖಾಲಿಯಾದಾಗ ಆ ಅಕ್ಕನಿಗೆ ಮೊದಲು ನೆನಪಾಗುವುದು ಈ ಹುಡುಗಿಯೇ.

ಮುಖ ತೋರಿಸುವ ಭಯ

ಹೆಣ್ಣುಮಕ್ಕಳ ಮನೆಗಳಲ್ಲಿ ಇನ್ನೊಂದು ಆತಂಕವಿದೆ: ಫೋಟೊ ಹಾಕಿದರೆ ಯಾರ ಕೈಗೆ ಸಿಗುತ್ತದೋ? ಆ ಆತಂಕವನ್ನು ತಳ್ಳಿಹಾಕಬೇಕಿಲ್ಲ. ಫೋಟೊ ಯಾರಿಗೆ ಕಾಣಬೇಕು ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೀವೇ ನಿರ್ಧರಿಸಬಹುದು. ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ ಹಾಕಲೇಬೇಡಿ. ಅಸಭ್ಯವಾಗಿ ಬರೆದವರನ್ನು ಬ್ಲಾಕ್ ಮಾಡಿ, ದೂರು ಕೊಡಿ. ಅಮ್ಮ–ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಪ್ರೊಫೈಲ್ ತೋರಿಸಿದರೆ ಅವರ ಅರ್ಧ ಭಯ ಹೋಗುತ್ತದೆ. ಮಗಳು ಏನು ಕಲಿತಿದ್ದಾಳೆಂದು ಅವರೂ ಓದಲಿ.

ಮೋಸಗಾರರ ವಿಷಯ ಇನ್ನೂ ಗಂಭೀರ. ಕೆಲಸದ ಆಸೆ ತೋರಿಸಿ ಭಾರತದ ಯುವಕರನ್ನು ಥಾಯ್ಲೆಂಡ್ ಮೂಲಕ ಮ್ಯಾನ್ಮಾರಿಗೆ ಸಾಗಿಸಿ ಸೈಬರ್ ವಂಚನೆಯ ಕೆಲಸಕ್ಕೆ ದೂಡುತ್ತಿರುವ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಐಟಿ ಕೌಶಲವಿದ್ದ ಹುಡುಗರೇ ಆ ಜಾಲದ ಗುರಿ.

> ಬಾಕ್ಸ್ 2: ಇಲ್ಲಿ ನಿಲ್ಲಿ
>
> • ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ.
>
> • ಪರಿಚಯವಾದೊಡನೆ ಟೆಲಿಗ್ರಾಂಗೆ ಬನ್ನಿ, ‘ಟಾಸ್ಕ್’ ಮಾಡಿ ಗಳಿಸಿ ಎಂದರೆ ಅಲ್ಲೇ ಬಿಡಿ.
>
> • ವಿದೇಶದ ಕೆಲಸವಾದರೆ ಏಜೆಂಟ್ ನೋಂದಾಯಿತನೇ ಎಂದು ಕೇಂದ್ರದ ಇ–ಮೈಗ್ರೇಟ್ ಪೋರ್ಟಲಿನಲ್ಲಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ ₹30,000 ಮತ್ತು ಜಿಎಸ್‌ಟಿ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ.
>
> • ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪ್ರೊಫೈಲಿಗೆ ಆಗದ ಕೆಲಸ

ಒಂದು ಮಾತನ್ನು ನೇರವಾಗಿ ಹೇಳಬೇಕು. ಪ್ರೊಫೈಲ್ ಕೌಶಲವನ್ನು ತೋರಿಸುತ್ತದೆ, ಹುಟ್ಟಿಸುವುದಿಲ್ಲ. ಎಲ್ಲ ಕೆಲಸಗಳೂ ಅದರಲ್ಲಿ ಸಿಗುವುದಿಲ್ಲ. ಸಾಫ್ಟ್‌ವೇರ್, ಔಷಧ ಲ್ಯಾಬ್, ಎಂಜಿನಿಯರಿಂಗ್, ಲೆಕ್ಕಪತ್ರ, ಮಾರಾಟ, ಸ್ವಯಂಸೇವಾ ಸಂಸ್ಥೆಗಳ ಕೆಲಸಕ್ಕೆ ಲಿಂಕ್ಡ್‌ಇನ್ ನೆರವಾಗುತ್ತದೆ. ಕಾರ್ಖಾನೆಯ ಗುತ್ತಿಗೆ ಕೆಲಸ ಇವತ್ತಿಗೂ ಹೆಚ್ಚಾಗಿ ಬಾಯಿಂದ ಬಾಯಿಗೇ ಹೋಗುತ್ತದೆ.

ಐಟಿಐ ಮುಗಿಸಿದವರಿಗೆ ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್, 2015ರಲ್ಲಿ ಆರಂಭವಾದ ನ್ಯಾಷನಲ್ ಕರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲುಗಳು ಹೆಚ್ಚು ಉಪಯುಕ್ತ. ಆಟೋನಗರದಲ್ಲಿ ಕೆಲಸ ಮಾಡುತ್ತಲೇ ವೆಲ್ಡಿಂಗ್ ಕಲಿತ ಹುಡುಗನ ಕೈಯಲ್ಲಿ ಪ್ರಮಾಣಪತ್ರವಿರುವುದಿಲ್ಲ. ಅಂಥವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಆರ್‌ಪಿಎಲ್’ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂದಿದೆ. ವರ್ಷಗಟ್ಟಲೆ ಕಿಡಿಯ ಮುಂದೆ ಕೂತು ಕಲಿತ ವಿದ್ಯೆಗೆ ಒಂದು ಕಾಗದದ ಸಾಕ್ಷಿಯಾದರೂ ಸಿಗಬೇಕು.

ಇನ್ನು ಮೊದಲು ಹೇಳಿದ ಕಂದಕದ ಉಳಿದರ್ಧದ ಮಾತು. ತನ್ನ ಕೆಲಸವನ್ನು ತಾನು ಬರೆಯುವುದು ಮಕ್ಕಳ ಪಾಲಿನದು. ಅದಕ್ಕೆ ಸಾಕ್ಷಿ ನುಡಿಯುವುದು ನಮ್ಮ ಪಾಲಿನದು. ಲಿಂಕ್ಡ್‌ಇನ್‌ನಲ್ಲಿ ‘ರೆಕಮೆಂಡೇಶನ್’ ಎಂಬ ಭಾಗ ಇರುವುದೇ ಅದಕ್ಕೆ. ಕಾಲೇಜಿನ ಮೇಷ್ಟ್ರು ‘ಈ ಹುಡುಗಿ ಲ್ಯಾಬಿನಲ್ಲಿ ದಾಖಲೆ ತಪ್ಪಿಲ್ಲದೆ ಇಡುತ್ತಿದ್ದಳು’ ಎಂದು ಎರಡು ಸಾಲು ಬರೆದರೆ ಅದು ಅಂಕಪಟ್ಟಿಯ ಜತೆ ನಿಲ್ಲುತ್ತದೆ. ಹುಮನಾಬಾದಿನ ಕಾರ್ಖಾನೆಯ ಮೇಲ್ವಿಚಾರಕ ತರಬೇತಿ ಮುಗಿದ ದಿನ ಅಂಥದೇ ಎರಡು ಸಾಲು ಬರೆದುಕೊಡಬಹುದು. ಕೊನೆಯ ಸೆಮಿಸ್ಟರಿನಲ್ಲಿ ಒಂದು ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ತೆರೆದಿಟ್ಟು, ಎಲ್ಲರ ಪ್ರೊಫೈಲನ್ನೂ ಒಟ್ಟಿಗೆ ಕೂತು ಬರೆಸಲು ಯಾವ ಅನುದಾನವೂ ಬೇಕಿಲ್ಲ.

ಇದನ್ನು ಹೈಟೆಕ್ ಸಿಟಿಯಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಕುಳಿತು ಓದುತ್ತಿರುವ ಬೀದರ್ ಜಿಲ್ಲೆಯವರಿಗೆ ಒಂದು ವಿನಂತಿ. ನಿಮಗೂ ಒಂದು ದಿನ ಯಾರೋ ದಾರಿ ತೋರಿಸಿದ್ದರು, ಇಲ್ಲವೇ ಯಾರೂ ತೋರಿಸದೆ ನೀವು ವರ್ಷಗಟ್ಟಲೆ ಅಲೆದಿದ್ದಿರಿ. ಎರಡರಲ್ಲಿ ಯಾವುದೇ ಆಗಿರಲಿ, ಊರಿನ ಕಿರಿಯರು ಬರೆದಾಗ ಉತ್ತರ ಕೊಡಿ. ಕೆಲಸ ಕೊಡಿಸಲು ಆಗದಿದ್ದರೂ ಅವರ ಪ್ರೊಫೈಲ್ ಓದಿ, ಎಲ್ಲಿ ತಿದ್ದಬೇಕೆಂದು ಹೇಳಿ, ನಿಮ್ಮ ಕಂಪನಿಯಲ್ಲಿ ಜಾಗ ಖಾಲಿಯಾದರೆ ಮೊದಲು ಅವರಿಗೆ ತಿಳಿಸಿ. ನಿಮಗೆ ಹತ್ತು ನಿಮಿಷದ ಕೆಲಸ ಅದು. ಅಲ್ಲಿ ಒಂದು ಮನೆಯ ಹತ್ತು ವರ್ಷದ ದಿಕ್ಕು ಅದರಿಂದ ಬದಲಾಗಬಹುದು.